ನ್ಯೂಟ್ರಾನಿಗೂ ಸೋಮವಾರದ ಬಿಡುವು

ಬಳ್ಳಾರಿಯ ಗಾಂಧಿನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಹದಿನೆಂಟು ವರ್ಷವಾಯಿತು. ಮದುವೆ ಕಾರ್ಡು, ಪಹಣಿ ಅರ್ಜಿ, ಜೀನ್ಸ್ ಕಾರ್ಖಾನೆಯ ಬಿಲ್ ಪುಸ್ತಕ, ಪಿಎಚ್‌ಡಿ ಪ್ರಬಂಧ, ಎಲ್ಲವೂ ಈ ವೀರೇಶನ ಕೈ ದಾಟಿಯೇ ಹೋಗಬೇಕು. ಪ್ರಬಂಧಗಳೇ ಇನ್ನೂರಕ್ಕೆ ಕಡಿಮೆ ಇರಲಿಕ್ಕಿಲ್ಲ. ಒಂದೂ ಅರ್ಥವಾಗಿಲ್ಲ. ಅರ್ಥವಾಗದ್ದನ್ನು ತಪ್ಪಿಲ್ಲದೆ ಟೈಪ್ ಮಾಡುವುದೂ ಒಂದು ವಿದ್ಯೆ, ಅದರಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿಯಲ್ಲಿಲ್ಲ. ಆದರೆ ಒಂದೇ ಒಂದು ಸಂಶೋಧನಾ ಲೇಖನ ಮಾತ್ರ ನನಗೆ ತಲೆಯಿಂದ ಕಾಲಿನವರೆಗೆ ಅರ್ಥವಾಗಿದೆ. ಅದರ ನಾಲ್ಕನೆಯ ಚಿತ್ರ ನೆನಪಾದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ. ಗಿರಾಕಿಗಳು ಇವನಿಗೇನೋ ಆಗಿದೆ ಎಂದುಕೊಂಡು ಎದುರಿನ ಅಂಗಡಿಗೆ ಹೋಗುತ್ತಾರೆ. ಹೋಗಲಿ ಬಿಡಿ.

ಅದು ಗಾದೆಪ್ಪಣ್ಣನ ಲೇಖನ.

ಗಾದೆಪ್ಪಣ್ಣ ಹುಟ್ಟಿದ್ದು ಕುರುಗೋಡಿನಲ್ಲಿ. ತಂದೆಗೆ ಒಂದು ಜೊತೆ ಎತ್ತು, ನಾಲ್ಕು ಎಕರೆ ಎರೆಹೊಲ. ಎಸ್ಸೆಸ್ಸೆಲ್ಸಿ ಪಾಸಾಗಿ, ಐಟಿಐ ಮುಗಿಸಿ, ಅಲ್ಲಿಯ ಬಸ್ ನಿಲ್ದಾಣದ ಎದುರಿಗೆ ಆರು ವರ್ಷ ರೇಡಿಯೋ ರಿಪೇರಿ ಮಾಡಿದ. ಟೀವಿ ಬಂದು ರೇಡಿಯೋ ಮೂಲೆ ಸೇರಿದ ಮೇಲೆ ಬಳ್ಳಾರಿಯ ಒಂದು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯಕ್ಕೆ ಮೆಕ್ಯಾನಿಕ್ ಆಗಿ ಬಂದ. ಅಲ್ಲಿ ಮೂವತ್ತೆರಡು ವರ್ಷ ಸವೆಸಿದ. ಮುಚ್ಚಿದ ಡಬ್ಬಿ ಕಂಡರೆ ಅವನ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಪ್ರಾಂಶುಪಾಲರ ಕೋಣೆಗೆ ರಜೆ ಚೀಟಿ ಕೊಡಲು ಹೋದವನು, ಅವರು ಫೋನಿನಲ್ಲಿ ಮಾತಾಡಿ ಮುಗಿಸುವಷ್ಟರಲ್ಲಿ ಗೋಡೆ ಗಡಿಯಾರ ಬಿಚ್ಚಿ ಮೇಜಿನ ಮೇಲೆ ಹರವಿದ್ದ. ಅದು ಚೆನ್ನಾಗಿಯೇ ಓಡುತ್ತಿತ್ತಂತೆ. "ಓಡತೈತಿ ಖರೆ, ಯಾಕ ಓಡತೈತಿ ಅಂತ ನೋಡಬೇಕಲ್ರಿ" ಅಂದನಂತೆ.

ಒಂದೇ ಒಂದು ದಿನ ಮಾತ್ರ ಆ ಕೈಗೆ ಕಟ್ಟು. ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ, ಅದು ಬಸವಣ್ಣನ ವಾರ. ಗಾದೆಪ್ಪಣ್ಣನಿಗೆ ಈಗ ಎತ್ತೂ ಇಲ್ಲ ಹೊಲವೂ ಇಲ್ಲ, ಇರುವುದು ಒಂದು ಸೋಲ್ಡರಿಂಗ್ ಐರನ್. "ಅದ ನನ್ನ ಎತ್ತು. ಅದಕ್ಕೂ ಒಂದು ದಿನ ಬಿಡುವು ಬ್ಯಾಡೇನು?" ಎನ್ನುತ್ತಾನೆ. ಸೋಮವಾರ ಸ್ಕ್ರೂಡ್ರೈವರನ್ನೂ ಮುಟ್ಟುವುದಿಲ್ಲ. ನೋಡುತ್ತಾನೆ, ರಿಜಿಸ್ಟರು ಬರೆಯುತ್ತಾನೆ, ಅಷ್ಟೇ. ಏಳು ಮಂದಿ ಪ್ರಾಂಶುಪಾಲರು ಬಂದು ಹೋದರು, ಯಾರಿಂದಲೂ ಇದನ್ನು ಬಿಡಿಸಲಾಗಲಿಲ್ಲ.

ಇಂಥವನನ್ನು ಹಿಡಿದು ಅರುಣಾ ಮೇಡಂ ನ್ಯೂಟ್ರಾನ್ ಎಣಿಸಲು ಹೊರಟರು. ಅವರು ಅದೇ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕಿ. ವಿಷಯವನ್ನು ನನಗೆ ಅವರೇ ಬಿಡಿಸಿ ಹೇಳಿದ್ದು ಹೀಗೆ: ಆಕಾಶದಿಂದ ಸದಾ ಕಿರಣಗಳು ಬೀಳುತ್ತಿರುತ್ತವೆ. ಅವು ಗಾಳಿಗೂ ನೆಲಕ್ಕೂ ಬಡಿದಾಗ ನ್ಯೂಟ್ರಾನ್ ಎಂಬ ಸಣ್ಣ ಕಣಗಳು ಎದ್ದು ಓಡಾಡುತ್ತವೆ. ನೆಲ ಒಣಗಿದ್ದರೆ ಅವು ಪುಟಿದು ಮೇಲೆ ಬರುತ್ತವೆ. ನೀರಿದ್ದರೆ ಅದರಲ್ಲೇ ಸುಸ್ತಾಗಿ ನಿಲ್ಲುತ್ತವೆ. ಆದ್ದರಿಂದ ಹೊಲದ ನಡುವೆ ಒಂದು ಯಂತ್ರ ನಿಲ್ಲಿಸಿ, ಬಂದವುಗಳನ್ನು ಎಣಿಸಿದರೆ ಮಣ್ಣಿನಲ್ಲಿ ಎಷ್ಟು ತೇವವಿದೆ ಎಂದು ಅಗೆಯದೆ ಹೇಳಬಹುದು. ಎಣಿಕೆ ಇಳಿದರೆ ನೀರು ಹೆಚ್ಚು, ಏರಿದರೆ ನೀರು ಕಡಿಮೆ. ಇಷ್ಟು ಗೊತ್ತಿದ್ದರೆ ಮುಂದಿನದು ನಿಮಗೂ ಅರ್ಥವಾಗುತ್ತದೆ.

ನ್ಯೂಟ್ರಾನನ್ನು ಹಿಡಿಯುವ ಕೊಳವೆಯೊಂದನ್ನು ಮೇಡಂ ಎಲ್ಲಿಂದಲೋ ಎರವಲು ತಂದರು. ಉಳಿದದ್ದೆಲ್ಲ ಗಾದೆಪ್ಪಣ್ಣನದು. ಹೊರಮೈಗೆ ನೀರಾವರಿಯ ಪಿವಿಸಿ ಪೈಪು. ವೈರುಗಳಿಗೆ ಬಿಸಿಲು ತಾಗದ ಹಾಗೆ ಜೀನ್ಸ್ ಬಟ್ಟೆಯ ಚೀಲ, ಅದನ್ನು ಹೊಲಿಸಿದ್ದು ನನ್ನ ಅಂಗಡಿಯ ಹಿಂದಿನ ಗಲ್ಲಿಯಲ್ಲೇ. ಕೊಳವೆಯ ಸುತ್ತ ದಪ್ಪ ಪ್ಲಾಸ್ಟಿಕ್ಕಿನ ಬಳೆಗಳು ಬೇಕು ಎಂದಾಗ ಅವನು ತರಕಾರಿ ಹೆಚ್ಚುವ ಪ್ಲಾಸ್ಟಿಕ್ ಮಣೆಗಳನ್ನು ತಂದು ದುಂಡಗೆ ಕೊರೆದ. ಮೊದಲ ಮಣೆ ಅವನ ಮನೆಯದೇ. "ವಿಜ್ಞಾನಕ್ಕ ನನ್ನ ಮಣಿನ ಬೇಕಿತ್ತೇನು?" ಎಂದು ಹೆಂಡತಿ ಕೊಟ್ರಮ್ಮ ಒಂದು ವಾರ ಬದನೆಕಾಯಿಯನ್ನು ಹೆಚ್ಚದೆ ಇಡಿಯಾಗಿಯೇ ಬೇಯಿಸಿದಳು.

ಯಂತ್ರಕ್ಕೆ ಹೊಲ ಕೊಟ್ಟವಳು ಸಿರುಗುಪ್ಪದ ಹತ್ತಿರದ ಹಳ್ಳಿಯ ವಿರೂಪಮ್ಮ. ಅವಳ ಗಂಡನ ರೇಡಿಯೋವನ್ನು ಗಾದೆಪ್ಪಣ್ಣ ಹಿಂದೆ ಎಷ್ಟು ಸಲ ರಿಪೇರಿ ಮಾಡಿದ್ದನೋ ಲೆಕ್ಕವಿಲ್ಲ. ಆರು ಎಕರೆ ಮೆಣಸಿನಕಾಯಿ ಹೊಲದ ನಟ್ಟನಡುವೆ ಯಂತ್ರ ನಿಂತಿತು. ಅದಕ್ಕೆ ಕರೆಂಟು ಕೊಡಲು ನಾಲ್ಕು ಕಂಬದ ಮೇಲೆ ಒಂದು ದೊಡ್ಡ ಸೋಲಾರ್ ಹಲಗೆ. ಪ್ರತಿ ಸೋಮವಾರ ಗಾದೆಪ್ಪಣ್ಣನ ದಿನಚರಿ ನಿಗದಿಯಾಯಿತು: ಬೆಳಿಗ್ಗೆ ಕುರುಗೋಡಿಗೆ ಹೋಗಿ ಬಸವೇಶ್ವರನಿಗೆ ಕೈಮುಗಿಯುವುದು, ಅಲ್ಲಿಂದ ಬಸ್ಸು ಬದಲಾಯಿಸಿಕೊಂಡು ಹೊಲ ತಲುಪುವುದು, ಯಂತ್ರವನ್ನು ಮುಟ್ಟದೆ ಸುತ್ತಲೂ ನೋಡುವುದು, ರಿಜಿಸ್ಟರಿನಲ್ಲಿ 'ಎಲ್ಲಾ ಸರಿ ಇದೆ' ಎಂದು ಬರೆದು ಸಹಿ ಹಾಕುವುದು, ವಿರೂಪಮ್ಮನ ಮನೆಯಲ್ಲಿ ರೊಟ್ಟಿ ಉಂಡು ಬರುವುದು.

ಎಂಟು ವಾರದ ಎಣಿಕೆ ಕೂಡಿದ ಮೇಲೆ ಮೇಡಂ ಲೇಖನ ಬರೆದರು. ಚಿತ್ರಗಳನ್ನು ಜೋಡಿಸಿ, ಹೊರದೇಶದ ಒಂದು ಪತ್ರಿಕೆಗೆ ಏರಿಸಿದ್ದು ನನ್ನ ಅಂಗಡಿಯಿಂದಲೇ. ಲೇಖಕರ ಪಟ್ಟಿಯಲ್ಲಿ ಎರಡೇ ಹೆಸರು, ಮೊದಲು ಅರುಣಾ, ಆಮೇಲೆ ಗಾದೆಪ್ಪ. ತನ್ನ ಹೆಸರನ್ನು ಪರದೆಯ ಮೇಲೆ ಕಂಡು ಗಾದೆಪ್ಪಣ್ಣ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ನಿವೃತ್ತಿಗೆ ಐದು ತಿಂಗಳಿತ್ತು. ಮೂವತ್ತೆರಡು ವರ್ಷದಲ್ಲಿ ಆ ಪ್ರಯೋಗಾಲಯದಿಂದ ಎಷ್ಟೋ ಲೇಖನ ಹೊರಬಿದ್ದಿದ್ದವು. ಯಾವುದರಲ್ಲೂ ಅವನ ಹೆಸರಿರಲಿಲ್ಲ. "ವೀರೇಶಿ, ಇದು ಬರೂತನಕ ಯಾರಿಗೂ ಹೇಳಬ್ಯಾಡ" ಅಂದ. ನಾನು ಹೇಳಲಿಲ್ಲ. ಸಂಜೆಯೊಳಗೆ ಅವನೇ ಕುರುಗೋಡಿಗೆಲ್ಲ ಹೇಳಿ ಮುಗಿಸಿದ್ದ.

ಇಂಥ ಪತ್ರಿಕೆಗಳಲ್ಲಿ ಒಂದು ಪದ್ಧತಿಯಿದೆ. ಬಂದ ಲೇಖನವನ್ನು ಹೆಸರು ಹೇಳದ ಇಬ್ಬರು ಪರಿಣತರಿಗೆ ಕಳಿಸುತ್ತಾರೆ, ಅವರು ಹೂಂ ಅಂದರೆ ಮಾತ್ರ ಅಚ್ಚಾಗುತ್ತದೆ. ಮೂರು ತಿಂಗಳಾದ ಮೇಲೆ ಉತ್ತರ ಬಂತು. ಮೊದಲನೆಯವರು ಹೂಂ ಅಂದಿದ್ದರು. ಎರಡನೆಯವರು ಎರಡು ಪುಟ ಬರೆದಿದ್ದರು. ಮೇಡಂ ಅದನ್ನು ನನ್ನ ಅಂಗಡಿಯಲ್ಲೇ ಕೂತು ಓದಿ, ಕನ್ನಡದಲ್ಲಿ ಹೇಳಿದರು. ಸಾರಾಂಶ ಇಷ್ಟು: 'ಮೂರನೆಯ ಚಿತ್ರದಲ್ಲಿ ಎಣಿಕೆ ಆರು ದಿನ ತಗ್ಗಿರುತ್ತದೆ, ಏಳನೆಯ ದಿನ ಏರುತ್ತದೆ, ಮತ್ತೆ ಆರು ದಿನ ತಗ್ಗುತ್ತದೆ. ಎಂಟು ವಾರವೂ ಹೀಗೆಯೇ. ಮಣ್ಣಿಗೂ ಮಳೆಗೂ ವಾರದ ಲೆಕ್ಕವಿಲ್ಲ. ನಿಮ್ಮ ಊರಿನ ನ್ಯೂಟ್ರಾನುಗಳು ವಾರದ ರಜೆ ಪಡೆದು ತಿರುಗಾಡಲು ಹೊರಡುತ್ತವೆ ಎಂದು ತೋರುತ್ತದೆ. ಇಲ್ಲವಾದರೆ ಯಂತ್ರದಲ್ಲಿ ದೋಷವಿದೆ. ಮೂವತ್ತು ದಿನದಲ್ಲಿ ವಿವರಿಸಿ.'

ನನಗೆ ನಗು ಬಂತು. ಮೇಡಂ ಮುಖ ನೋಡಿ ನುಂಗಿಕೊಂಡೆ.

"ಗಾದೆಪ್ಪಣ್ಣ, ಮಷೀನಿಂದ ಏನೋ ತಪ್ಪಾಗೇತಿ" ಅಂದರು ಮೇಡಂ. "ಮೂವತ್ತು ದಿನದಾಗ ಕಾರಣ ಸಿಕ್ರ ಸರಿ. ಸಿಗಲಿಲ್ಲಾಂದ್ರ ಮಷೀನಿನ ಭಾಗ ಪೂರ್ತಿ ತೆಗೆದು, ಬರೀ ಲೆಕ್ಕಾಚಾರ ಉಳಿಸಬೇಕಾಗ್ತದ."

ಯಂತ್ರದ ಭಾಗ ಹೋದರೆ ಯಂತ್ರ ಮಾಡಿದವನ ಹೆಸರೂ ಹೋಗುತ್ತದೆ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗಾದೆಪ್ಪಣ್ಣ ಪರದೆಯನ್ನೇ ನೋಡುತ್ತ, "ನನ್ನ ಮಷೀನು ಸುಳ್ಳು ಹೇಳಂಗಿಲ್ರಿ" ಎಂದಷ್ಟೇ ಹೇಳಿ ಎದ್ದುಹೋದ.

ಆಮೇಲೆ ಇಪ್ಪತ್ತು ದಿನ ಅವನು ಮನುಷ್ಯನಾಗಿರಲಿಲ್ಲ. ಕಾಲೇಜು ಮುಗಿಸಿ ರಾತ್ರಿ ಹೋಗಿ ಯಂತ್ರವನ್ನು ಹೊಲದಿಂದ ತಂದು ಎಳೆ ಎಳೆ ಬಿಚ್ಚಿದ. ಬ್ಯಾಟರಿ ನೋಡಿದ, ಬೆಸುಗೆ ನೋಡಿದ, ಮಣೆಯ ಬಳೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ನೋಡಿದ. ಎಲ್ಲೂ ದೋಷವಿಲ್ಲ. ಮತ್ತೆ ಜೋಡಿಸಿ ರಾತ್ರಿಯೇ ಒಯ್ದು ಹೊಲದಲ್ಲಿ ನಿಲ್ಲಿಸಿದರೆ ಅದೇ ರಾಗ, ಆರು ದಿನ ಇಳಿತ, ಒಂದು ದಿನ ಏರು. ಕೊಟ್ರಮ್ಮ ನನಗೆ ಫೋನು ಮಾಡಿ, "ತಾಟಿನ್ಯಾಗ ರೊಟ್ಟಿ ಹಾಕಿದ್ರ ಅದನ್ನೂ ಎಣಿಸ್ತಾರ್ರಿ, ಉಣ್ಣಂಗಿಲ್ಲ" ಎಂದು ಅಳುವ ದನಿಯಲ್ಲಿ ಹೇಳಿದಳು.

ಇಪ್ಪತ್ತೊಂದನೆಯ ದಿನ ಸಂಜೆ ಹೊಲದಿಂದ ನೇರ ಅಂಗಡಿಗೆ ಬಂದು, "ನೋಡಾಕಷ್ಟ, ಆ ಮೂರನೇ ಚಿತ್ರ ದೊಡ್ಡದಾಗಿ ತೆಗಿ" ಅಂದ. ತೆಗೆದೆ. ಚುಕ್ಕೆಗಳ ಕೆಳಗೆ ತಾರೀಖುಗಳಿದ್ದವು, ವಾರಗಳಿರಲಿಲ್ಲ. ಇಂಗ್ಲಿಷ್ ಲೇಖನದಲ್ಲಿ ವಾರ ಯಾರು ಬರೆಯುತ್ತಾರೆ? ನನ್ನ ಗೋಡೆಗೆ ತೂಗುಹಾಕಿದ್ದ ಗೊಬ್ಬರದಂಗಡಿಯ ಕ್ಯಾಲೆಂಡರ್ ತಂದು ಮುಂದಿಟ್ಟುಕೊಂಡ. ನಾನು ಏರಿದ ಚುಕ್ಕೆಗಳ ತಾರೀಖು ಓದುತ್ತ ಹೋದೆ, ಅವನು ಬೆರಳಿಡುತ್ತ ಹೋದ. ಸೋಮವಾರ. ಸೋಮವಾರ. ಮತ್ತೆ ಸೋಮವಾರ. ಎಂಟಕ್ಕೆ ಎಂಟೂ ಸೋಮವಾರ.

ಅವನ ಬೆರಳು ಕ್ಯಾಲೆಂಡರಿನ ಮೇಲೇ ನಿಂತಿತು.

"ವೀರೇಶಿ, ನಾ ನೋಡಾಕ ಹೋಗೋದು ಯಾವ ವಾರ?"

"ಸೋಮವಾರ."

"ವಿರೂಪಮ್ಮನ ಹೊಲದಾಗ ಕೆಲಸ ಇರದ ವಾರ?"

ಅದನ್ನು ನಾನು ಹೇಳಬೇಕಾಗಿರಲಿಲ್ಲ. ವಿರೂಪಮ್ಮನ ಮನೆಯಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದು ಹತ್ತು ವರ್ಷವಾಗಿದೆ. ಸೋಮವಾರ ಅವಳು ಅದನ್ನೂ ಹೊರಡಿಸುವುದಿಲ್ಲ. 'ಕೊಂಬಿಲ್ಲಾಂತ ಅದಕ್ಕ ಬಿಡುವು ಇಲ್ಲೇನು' ಎಂಬುದು ಅವಳ ವಾದ. ಹೂಡದ ದಿನ ಆಳುಗಳನ್ನೂ ಕರೆಯುವುದಿಲ್ಲ. ಅಂದರೆ ಉಳಿದ ಆರು ದಿನ ಆ ಹೊಲದಲ್ಲಿ ಜನರಿರುತ್ತಾರೆ, ಗಾದೆಪ್ಪಣ್ಣ ಇರುವುದಿಲ್ಲ. ಅವನಿರುವ ದಿನ ಜನರಿರುವುದಿಲ್ಲ. ಇಬ್ಬರೂ ಒಂದೇ ದೇವರಿಗೆ ಒಂದೇ ದಿನ ನಡೆದುಕೊಂಡು, ಇಷ್ಟು ತಿಂಗಳು ಒಬ್ಬರ ಕೆಲಸವನ್ನೊಬ್ಬರು ನೋಡಿರಲಿಲ್ಲ.

ಮರುದಿನ ಮಂಗಳವಾರ. ಮೂವತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಗಾದೆಪ್ಪಣ್ಣ ಕೇಳದೆ ರಜೆ ಹಾಕಿದ. ನಾನೂ ಅಂಗಡಿಗೆ ಬೀಗ ಹಾಕಿ ಅವನ ಜೊತೆ ಹೊರಟೆ. ನನಗೇನು ಕೆಲಸ ಅಲ್ಲಿ? ಏನೂ ಇಲ್ಲ. ಆದರೆ ಆ ಬಸ್ಸು ತಪ್ಪಿಸಿಕೊಂಡಿದ್ದರೆ ಜೀವಮಾನವಿಡೀ ಕೊರಗುತ್ತಿದ್ದೆ.

ಹೊಲದ ತುಂಬ ಹೆಂಗಸರು ಹಣ್ಣುಮೆಣಸಿನಕಾಯಿ ಬಿಡಿಸುತ್ತಿದ್ದರು. ಬಿಸಿಲು ಸುಡುತ್ತಿತ್ತು. ಆರು ಎಕರೆಯಲ್ಲಿ ಒಂದು ಮರವಿಲ್ಲ, ಇರುವುದೊಂದೇ ನೆರಳು, ಯಂತ್ರದ ಸೋಲಾರ್ ಹಲಗೆಯದು. ಆ ನೆರಳಿನಲ್ಲಿ, ಯಂತ್ರಕ್ಕೆ ಒತ್ತಿಕೊಂಡು, ಹಸಿ ಗೋಣಿ ಸುತ್ತಿದ ಹನ್ನೆರಡು ಕೊಡ ಕುಡಿಯುವ ನೀರು. ಒಬ್ಬಳು ಬಂದು ಒಂದು ಚೆಂಬು ಬಗ್ಗಿಸಿ ಕುಡಿದು, ಯಂತ್ರದ ತಲೆಯ ಮೇಲೆ ಚೆಂಬು ಬೋರಲು ಹಾಕಿ ಹೋದಳು.

ಗಾದೆಪ್ಪಣ್ಣ ಬದುವಿನ ಮೇಲೆ ಕೂತುಬಿಟ್ಟ. ಮೊದಲು ಭುಜ ಅಲುಗಿತು. ಅಳುತ್ತಿದ್ದಾನೆ ಅಂದುಕೊಂಡೆ. ನಗುತ್ತಿದ್ದ. ಸದ್ದಿಲ್ಲದ ನಗು, ಆಮೇಲೆ ಸದ್ದಿನ ನಗು, ಆಮೇಲೆ ಮೇಲೇಳಲಾಗದ ನಗು. ನನಗೂ ಹತ್ತಿತು. ಇಬ್ಬರು ಗಂಡಸರು ನೀರಿನ ಕೊಡಗಳನ್ನು ನೋಡಿ ಹೀಗೆ ನಗುವುದನ್ನು ಕಂಡು ಹೆಂಗಸರೂ ನಗತೊಡಗಿದರು, ಯಾಕೆಂದು ಅವರಿಗೆ ಗೊತ್ತಿರಲಿಲ್ಲ.

"ಏನಾತ ತಮ್ಮಾ?" ಎಂದು ವಿರೂಪಮ್ಮ ಓಡಿಬಂದಳು.

"ಯಕ್ಕಾ, ಇಲ್ಲಿ ನೀರು ಐತಿ ಅಂತ ಇಷ್ಟು ತಿಂಗಳಿಂದ ಇದು ಬಡಕೊಳ್ಳಾಕತ್ತೈತಿ. ನಾವ ನಂಬಲಿಲ್ಲ."

ಉಳಿದದ್ದು ಒಂಬತ್ತು ದಿನ. ಗಾದೆಪ್ಪಣ್ಣನ ಫೋನು ಕೇಳಿದ ಅರುಣಾ ಮೇಡಂ ಮಾರನೆಯ ದಿನವೇ ಬಂದರು. ಕೊಡ ದೂರ ಇಟ್ಟರೆ ಮುಂದಿನ ಎಣಿಕೆ ಸರಿಹೋಗುತ್ತದೆ, ಆದರೆ ಕಾರಣ ಇದೇ ಎಂದು ಆ ಕಾಣದ ಪರಿಣತರಿಗೆ ತೋರಿಸುವುದು ಹೇಗೆ? ಉಪಾಯ ಗಾದೆಪ್ಪಣ್ಣನದೇ: ಬೇಕೆಂದೇ ಕೊಡ ಇಟ್ಟು ಎಣಿಸುವುದು. ಮೊದಲು ಒಂದೂ ಇಲ್ಲದೆ, ಆಮೇಲೆ ಎರಡು, ನಾಲ್ಕು, ಆರು, ಹನ್ನೆರಡರವರೆಗೆ. ಒಂದೊಂದಕ್ಕೂ ಆರು ತಾಸು.

ಆ ನಾಲ್ಕು ದಿನ ಸಿರುಗುಪ್ಪದ ಕಡೆ ಅಂಥ ಸಂಭ್ರಮ ನಾನು ಕಂಡಿಲ್ಲ. ಗಾದೆಪ್ಪಣ್ಣ ರಿಜಿಸ್ಟರು ಹಿಡಿದು ನಿಲ್ಲುವನು, "ಇನ್ನೆರಡು ತರ್ರಿ" ಅನ್ನುವನು. ಹೆಂಗಸರು ಕೊಡ ಹೊತ್ತು ಸಾಲಾಗಿ ಬರುವರು. "ನಿಮ್ಮ ಮಷೀನಿಗೆ ಇಷ್ಟು ನೀರಡಿಕಿ ಯಾಕ?" ಎಂದು ಕಾಡುವರು. ಮೂರನೆಯ ದಿನ ಒಂದು ಯಡವಟ್ಟಾಯಿತು. ಎಂಟು ಕೊಡದ ಎಣಿಕೆ ನಡೆದಿರುವಾಗಲೇ ಹೆಂಗಸರು ಅದರೊಳಗಿನದನ್ನೇ ಕುಡಿದು ಎರಡು ಕೊಡ ಖಾಲಿ ಮಾಡಿದ್ದರು. ಗಾದೆಪ್ಪಣ್ಣ ಕುಡಿಯಬೇಡಿ ಎಂದ. ಅವರು ಬುಟ್ಟಿ ಬಿಟ್ಟು ಕೂತರು. ಕೊನೆಗೆ ವಿರೂಪಮ್ಮ ಹೊಲದ ಅಂಚಿನಲ್ಲಿ ಕಟ್ಟಿಗೆ ನೆಟ್ಟು, ಮೇಲೆ ಗರಿ ಹೊದಿಸಿ, ಕುಡಿಯುವ ನೀರಿಗೆ ಬೇರೆ ನೆರಳು ಮಾಡಿಸಿದಳು. "ಕುಡಿಯೂ ನೀರು ಬ್ಯಾರೆ, ಎಣಸೂ ನೀರು ಬ್ಯಾರೆ" ಎಂದು ಅವಳೇ ತೀರ್ಪು ಕೊಟ್ಟಳು. ಅದರಿಂದಾಚೆ ತೊಂದರೆಯಾಗಲಿಲ್ಲ.

ಹಲಗೆ ಮೇಲೆ ಗೆರೆ ಎಳೆದ ಹಾಗೆ ಎಣಿಕೆ ಇಳಿಯುತ್ತ ಬಂತು. ಕೊಡ ಹೆಚ್ಚಿದಷ್ಟೂ ನ್ಯೂಟ್ರಾನ್ ಕಡಿಮೆ. ಹಳೆಯ ಎಂಟು ವಾರದ ಎಣಿಕೆಯೂ ಹಾಳಾಗಲಿಲ್ಲ. ಯಂತ್ರ ತಾಸುತಾಸಿಗೂ ಬರೆದಿಟ್ಟಿತ್ತು, ಮೇಡಂ ಅದನ್ನು ಕೂಡಿಸಿ ದಿನಕ್ಕೊಂದು ಚುಕ್ಕೆ ಮಾಡಿದ್ದರು. ಈಗ ಬಿಡಿಸಿ ನೋಡಿದರೆ ಎಂಟಕ್ಕೆ ಕೊಡ ಬಂದಾಗ ಇಳಿಯುವುದೂ, ಐದಕ್ಕೆ ಕೊಡ ಹೋದಾಗ ಏರುವುದೂ ಕಾಣುತ್ತಿತ್ತು. ಕೊಡ ಇದ್ದ ತಾಸುಗಳನ್ನು ಬಿಟ್ಟು ಉಳಿದದ್ದನ್ನು ಇಟ್ಟುಕೊಂಡರಾಯಿತು.

ಎಲ್ಲ ಸರಿಯಾಯಿತು ಅನ್ನುವಾಗಲೇ ಗಾದೆಪ್ಪಣ್ಣನ ಮುಖ ಸಪ್ಪಗಾಯಿತು. ಪರಿಣತರಿಗೆ ಕೊಡುವ ಉತ್ತರವನ್ನು ಮೇಡಂ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಒಂದು ವಾಕ್ಯವನ್ನು ಅವನಿಗೆ ಕನ್ನಡದಲ್ಲಿ ಹೇಳಿದರು: 'ಸ್ಥಳೀಯ ಪದ್ಧತಿಯಂತೆ ಹೊಲದಲ್ಲಿ ಕೆಲಸ ನಡೆಯದ ಸೋಮವಾರಗಳಂದು ಮಾತ್ರ ಯಂತ್ರವನ್ನು ಪರಿಶೀಲಿಸಲಾಗಿತ್ತು, ಆದ್ದರಿಂದ ಈ ತಪ್ಪು ನಮ್ಮ ಗಮನಕ್ಕೆ ಬರಲಿಲ್ಲ.'

"ಹಂಗ ಬರೀಲೇಬೇಕೇನ್ರಿ ಮೇಡಂ?"

"ಬರೀಲೇಬೇಕು."

"ಹಂಗಾರ ನನ್ನ ಹೆಸರು ತೆಗೆದುಬಿಡ್ರಿ." ಅವನು ಪರದೆಗೆ ಬೆನ್ನು ತಿರುಗಿಸಿದ. "ಮೂವತ್ತೆರಡು ವರ್ಷ ರಿಜಿಸ್ಟರಿನ್ಯಾಗ ಸುಳ್ಳು ಬರದಿಲ್ಲ ನಾನು. ಎಂಟು ಸಲ ಎಲ್ಲಾ ಸರಿ ಐತಿ ಅಂತ ಬರದೀನಿ. ಸರಿ ಇದ್ದಿಲ್ಲ. ಗಾದೆಪ್ಪ ಹಿಂಗ ಮಾಡ್ಯಾನಂತ ಎಲ್ಲಾರೂ ಓದೂದು ಬ್ಯಾಡ. ವೀರೇಶಿ, ತೆಗಿ."

ಅವನ ಹೆಸರಿನ ಮುಂದೆ ಕರ್ಸರ್ ಮಿನುಗುತ್ತಿತ್ತು. ಅಳಿಸುವ ಗುಂಡಿ ಒತ್ತಲು ನನ್ನಿಂದಾಗಲಿಲ್ಲ. ಎಷ್ಟು ಹೆಸರು ಅಳಿಸಿದ್ದೇನೆ, ಮದುವೆ ಮುರಿದಾಗ ಕಾರ್ಡಿನಿಂದ ಕೂಡ ಅಳಿಸಿದ್ದೇನೆ. ಇದನ್ನು ಆಗಲಿಲ್ಲ.

ಮೇಡಂ ಕುರ್ಚಿಯನ್ನು ಅವನ ಕಡೆ ತಿರುಗಿಸಿಕೊಂಡರು. "ತಪ್ಪು ನಿಮ್ಮದು, ಹೌದು. ನಂದೂ ಐತಿ. ತಾಸಿನ ಲೆಕ್ಕ ಕೈಯಾಗ ಇಟ್ಟುಕೊಂಡು ದಿನದ ಚುಕ್ಕಿ ಹಾಕಿದೆ, ಅದನ್ನೂ ಬರಿತೀನಿ. ಆದ್ರ ತಪ್ಪು ಹುಡುಕಿದವರು ಯಾರು? ನೀವ. ಈಗ ಹೇಳ್ರಿ ಗಾದೆಪ್ಪಣ್ಣ, ತಪ್ಪು ಮಾಡಿದ್ದಕ್ಕೂ ಹುಡುಕಿದ್ದಕ್ಕೂ ಸೇರಿ ಒಂದು ಹೆಸರು ಬೇಕು. ಯಾರದು ಹಾಕ್ಲಿ?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಆಮೇಲೆ ನನ್ನ ಕಡೆ ನೋಡದೆ, "ಇರಲಿ ಬಿಡಲೇ" ಅಂದ.

ಒಪ್ಪಿಗೆ ಬಂದದ್ದು ಒಂದು ಸೋಮವಾರ, ಅವನ ನಿವೃತ್ತಿಗೆ ಎಂಟು ದಿನ ಮುಂಚೆ. ಎರಡನೆಯ ಪರಿಣತರು ಎರಡೇ ಸಾಲು ಬರೆದಿದ್ದರು. 'ಸೋಮವಾರದ ವಾಕ್ಯವನ್ನು ದಯವಿಟ್ಟು ತೆಗೆಯಬೇಡಿ. ಇದನ್ನು ಓದಿದ ಮೇಲೆ ನಮ್ಮ ಯಂತ್ರವನ್ನು ನಾವು ಯಾವ ದಿನ ನೋಡುತ್ತೇವೆ ಎಂದು ಹುಡುಕಲು ಹೊರಟಿದ್ದೇನೆ.' ನಾನು ಗಾದೆಪ್ಪಣ್ಣನಿಗೆ ಫೋನು ಮಾಡಿದೆ. ಕುರುಗೋಡಿನ ಗುಡಿಯಲ್ಲಿದ್ದ. "ಇವತ್ತ ಕೆಲಸದ ಮಾತು ಬ್ಯಾಡ" ಎಂದು ಇಟ್ಟುಬಿಟ್ಟ. ಎರಡು ನಿಮಿಷಕ್ಕೆ ಅವನೇ ಮಾಡಿದ. "ಕೆಲಸದ ಮಾತಲ್ಲ, ಸುಮ್ಮನ ಕೇಳ್ತೀನಿ. ನನ್ನ ಹೆಸರು ಅದರಾಗ ಐತೇನು?"

ಐತಿ ಅಂದೆ. ಆಚೆ ಗುಡಿಯ ಗಂಟೆ ಮೊಳಗಿತು, ಒಂದು ಸಲವಲ್ಲ, ಐದಾರು ಸಲ. ಯಾರು ಬಾರಿಸಿದರೆಂದು ಕೇಳಲಿಲ್ಲ.

ಅಚ್ಚಾದ ಲೇಖನವನ್ನು ದಪ್ಪ ಕಾಗದದಲ್ಲಿ ತೆಗೆದುಕೊಟ್ಟೆ. ಅದನ್ನು ಹಿಡಿದು ನಾವಿಬ್ಬರೂ ಹೊಲಕ್ಕೆ ಹೋದೆವು, ಮಂಗಳವಾರವೇ. ಊಟದ ಹೊತ್ತು. ಹೆಂಗಸರು ಗರಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ವಿರೂಪಮ್ಮ ಕೈ ಒರೆಸಿಕೊಂಡು ಹಾಳೆ ಇಸಿದುಕೊಂಡಳು.

"ನಮ್ಮ ಕೊಡ ಎಲ್ಲಿ ಅದಾವ?"

ಅವನು ನಾಲ್ಕನೆಯ ಚಿತ್ರ ತೋರಿಸಿದ. ಅವಳು ಇಳಿಯುತ್ತ ಹೋದ ಚುಕ್ಕೆಗಳನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿದಳು. "ಇದರಾಗ ಕಂಠ ಸೀಳಿದ್ದೊಂದು ನಂದು" ಎಂದು ಒಬ್ಬಳು ಹಿಂದಿನಿಂದ ಹೇಳಿದಳು.

"ನಿನ್ನ ಹೆಸರು?"

ತೋರಿಸಿದ.

"ನೀ ತಪ್ಪು ಮಾಡಿದ್ದೂ ಬರದೈತಂತಲ್ಲ. ಅದೆಲ್ಲೈತಿ? ಅದನ್ನ ಓದು, ಕೇಳೂಣು."

ಗಾದೆಪ್ಪಣ್ಣ ಹಾಳೆಯನ್ನು ಅವಳ ಕೈಯಲ್ಲೇ ಬಿಟ್ಟು ಎದ್ದು ನಿಂತ. ಅಂಗಿಯನ್ನು ಸರಿಮಾಡಿಕೊಂಡ. ಸೋಮವಾರದ ಆ ವಾಕ್ಯವನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ, ಎಲ್ಲರಿಗೂ ಕೇಳುವ ಹಾಗೆ, ಒಂದು ಅಕ್ಷರವನ್ನೂ ನೋಡದೆ ಹೇಳಿದ.